ವಿತ್ ಪೇಪರ್

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಬುಟ್ಟಿಯಲ್ಲಿ ಐದು ಲ್ಯಾಬ್ರಡಾರ್ ಮರಿಗಳು. ಕೆಳಗೆ 'ಪ್ಯೂರ್ ಬ್ರೀಡ್, ಚಾಂಪಿಯನ್ ಲೈನ್, ವಿತ್ ಪೇಪರ್' ಅಂತ ಬರೆದಿತ್ತು. ಐದು ನಿಮಿಷದಲ್ಲಿ ಕೆಂಪು ಹೃದಯಗಳ ಸಾಲು. ನಾನು ಒಂದೇ ಒಂದು ಪ್ರಶ್ನೆ ಹಾಕಿದೆ: 'ಅಪ್ಪ ಅಮ್ಮನ ಕಣ್ಣಿನ ಡಿಎನ್‌ಎ ಟೆಸ್ಟ್ ರಿಪೋರ್ಟ್ ಇದೆಯಾ?'

ಗುಂಪು ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಮಾರುವವರು ನನಗೊಬ್ಬನಿಗೇ ಮೆಸೇಜ್ ಮಾಡಿದರು. 'ಸಾರ್, ನೀವು ನಾಯಿ ತಗೊಳ್ತಿದ್ದೀರೋ, ಹೆಣ್ಣು ನೋಡೋಕೆ ಬಂದಿದ್ದೀರೋ?'

ಹೆಣ್ಣು ನೋಡೋಕೆ ಹೋದಾಗಲೂ ನಾವು ಇದನ್ನ ಕೇಳಲ್ಲ, ತೊಂದರೆ ಇರೋದೇ ಅಲ್ಲಿ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಾನು ಹುಟ್ಟಿ ಬೆಳೆದ ತುಮಕೂರು ಸೀಮೆಯ ಹಳ್ಳಿಯಲ್ಲಿ ನಾಯಿಗಳಲ್ಲಿ ಎರಡೇ ಬಗೆ. ಕಂತ್ರಿ ನಾಯಿ, ಜಾತಿ ನಾಯಿ. ಊರಲ್ಲಿದ್ದದ್ದೆಲ್ಲ ಕಂತ್ರಿ. ಕಂಟ್ರಿ ಅನ್ನೋ ಇಂಗ್ಲಿಷ್ ಮಾತೇ ನಮ್ಮ ಬಾಯಲ್ಲಿ ಕಂತ್ರಿ ಆಯ್ತು ಅಂತಾರೆ. ಅಂದ್ರೆ ನಮ್ಮದೇ ನಾಡಿನ ನಾಯಿಗೆ 'ನಾಡಿನದು' ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟು, ಆ ಹೆಸರನ್ನೇ ಬೈಗುಳ ಮಾಡಿಕೊಂಡ ಜನ ನಾವು. ಜಾತಿ ನಾಯಿ ಇದ್ದದ್ದು ತಾಲ್ಲೂಕಿನ ಡಾಕ್ಟರ ಮನೆಯಲ್ಲಿ ಒಂದೇ. ಬಿಳಿ ಪೊಮೇರಿಯನ್. ಅದನ್ನು ನೋಡೋಕೆ ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದೆವು. ಬಿ.ಇ. ಮುಗಿಸಿ, ಕೆಲಸ ಹಿಡಿದು, ಸಾಲ ಮಾಡಿ ಎರಡು ಬೆಡ್‌ರೂಮಿನ ಮನೆ ತಗೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಜಾತಿ ನಾಯಿ ತಂದದ್ದು. ಹೊಟ್ಟೆಯೊಳಗೆ ಆ ಗೇಟು ಇನ್ನೂ ಹಾಗೇ ಇತ್ತು.

2016ರಲ್ಲಿ ತಂದೆವು. ಬೆಂಗಳೂರಿನ ಹೊರವಲಯದಲ್ಲಿ, ತೋಟದ ಮನೆಯಲ್ಲಿ ಮರಿ ಮಾಡಿಸಿ ಮಾರುವವರೊಬ್ಬರಿಂದ. ಪೇಪರ್ ಇಲ್ಲದೆ ಒಂದು ರೇಟು, ಪೇಪರ್ ಇದ್ದರೆ ಇನ್ನೊಂದು ರೇಟು. ನಾನು ಪೇಪರ್ ಸಮೇತ ತಂದೆ. ಬೆಲ್ಲದ ಅಚ್ಚಿನ ಬಣ್ಣ ಇತ್ತು ಅಂತ ನನ್ನ ಹೆಂಡತಿ ಬೆಲ್ಲ ಅಂತ ಹೆಸರಿಟ್ಟಳು. ಪೇಪರನ್ನು ಮನೆಯ ಸೇಲ್ ಡೀಡ್ ಇಟ್ಟ ಫೈಲಿನಲ್ಲೇ ಇಟ್ಟೆ. ಓದಲಿಲ್ಲ.

ಬೆಲ್ಲಳಿಗೆ ನಾಲ್ಕು ವರ್ಷ ದಾಟಿದಾಗ ಬೇಸ್‌ಮೆಂಟಿನ ಮೆಟ್ಟಿಲ ಹತ್ತಿರ ನಿಂತುಬಿಡೋಕೆ ಶುರು ಮಾಡಿದಳು. ಬೆಳಗ್ಗೆ ದಡದಡ ಇಳಿಯುವವಳು ರಾತ್ರಿ ಮುಂಗಾಲು ಒಂದನ್ನು ಗಾಳಿಯಲ್ಲಿ ಆಡಿಸಿ ಹಿಂದಕ್ಕೆ ತಗೊಳ್ಳುತ್ತಿದ್ದಳು. ಸೋಮಾರಿತನ ಅಂದುಕೊಂಡು ಬೆಲ್ಟು ಜಗ್ಗಿದ್ದೇನೆ. ಅದನ್ನೂ ಇಲ್ಲಿ ಬರೆಯಬೇಕು, ಜಗ್ಗಿದ್ದೇನೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅವಳ ಕಣ್ಣು ಮೊದಲಿಗಿಂತ ಜಾಸ್ತಿ ಹೊಳೆಯುತ್ತಿತ್ತು. ಚೆನ್ನಾಗಿ ಬಂದಿದೆ ಅಂತ ಅದನ್ನೇ ಸ್ಟೇಟಸ್ ಹಾಕಿಕೊಂಡೆ. ಆ ಹೊಳಪು ರೋಗದ ಲಕ್ಷಣ ಅಂತ ಹೇಳಿದ್ದು ಕಣ್ಣಿನ ಪರೀಕ್ಷೆ ಮಾಡುವ ಪಶುವೈದ್ಯರು. ಒಳಗಿನ ಅಕ್ಷಿಪಟಲ, ಅಂದರೆ ರೆಟಿನಾ, ತೆಳುವಾಗುತ್ತಾ ಬಂದ ಹಾಗೆ ಅದರ ಹಿಂದಿರುವ ಕನ್ನಡಿಯಂಥ ಪದರದಿಂದ ಬೆಳಕು ಹೆಚ್ಚು ಹೊರಗೆ ಚಿಮ್ಮುತ್ತದಂತೆ. ಕಣ್ಣಪಾಪೆಯೂ ಬೆಳಕು ಸಾಲದೆ ಅಗಲವಾಗಿಯೇ ಇರುತ್ತದೆ. ಗೋಡೆ ಸುಣ್ಣ ಉದುರಿ ತೆಳುವಾದಷ್ಟೂ ಹಿಂದಿನ ಕಲ್ಲು ಎದ್ದು ಕಾಣುತ್ತಲ್ಲ, ಹಾಗೆ.

ರೋಗದ ಹೆಸರು ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ. ಪಿಆರ್‌ಎ ಅಂತಾರೆ. ಇದರಲ್ಲಿ ಹಲವು ಬಗೆ ಇದೆ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್, ಪೂಡಲ್ ಮುಂತಾದ ಹಲವು ತಳಿಗಳಲ್ಲಿ ಕಾಣಿಸುವ ಬಗೆಗೆ ಕಾರಣ ಯಾವುದು ಅಂತ 2006ರಲ್ಲೇ ಪತ್ತೆಯಾಗಿದೆ. ನಾಯಿಯ ಜೀನೋಮಿನಲ್ಲಿ ಸುಮಾರು 240 ಕೋಟಿ ಅಕ್ಷರ. ಅದರಲ್ಲಿ ಪಿಆರ್‌ಸಿಡಿ ಅನ್ನುವ ಜೀನಿನ ಶುರುವಿನಲ್ಲೇ 'ಜಿ' ಇರಬೇಕಾದ ಕಡೆ 'ಎ' ಇದೆ. ಅಷ್ಟೇ. ಒಂದು ಅಕ್ಷರ. ನಮ್ಮ ಕೆಲಸದಲ್ಲಿ ಒಂದು ಸೆಮಿಕೋಲನ್ ತಪ್ಪಿದ್ದಕ್ಕೆ ರಾತ್ರಿಯೆಲ್ಲ ಕೂತವರಿಗೆ ಇದು ಅರ್ಥವಾಗುತ್ತೆ. ಮೊದಲು ಮಂದ ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಸಾಯುತ್ತವೆ, ಆಮೇಲೆ ಹಗಲಿನವು. ನೋವಿಲ್ಲ, ಕೆಂಪಾಗಲ್ಲ, ನೀರು ಸುರಿಯಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಔಷಧಿಯೂ ಇಲ್ಲ.

ಹಾಗಾದರೆ ಅಪ್ಪನಿಗೂ ಅಮ್ಮನಿಗೂ ಕಣ್ಣು ಚೆನ್ನಾಗಿತ್ತಲ್ಲ? ನಾನೂ ಅದನ್ನೇ ಕೇಳಿದೆ. ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತೆ, ಅಪ್ಪನದೊಂದು ಅಮ್ಮನದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತೆ. ಅಂಥ ನಾಯಿಗೆ ಕಣ್ಣಿಗೇನೂ ಆಗಲ್ಲ, ಕೆಟ್ಟ ಪ್ರತಿಯನ್ನು ಹೊತ್ತುಕೊಂಡಿರುತ್ತೆ ಅಷ್ಟೆ. ಹೀಗೆ ಹೊತ್ತ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಒಂದೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ಕುರುಡಾಗುವ ಸಾಧ್ಯತೆ. ಹೊತ್ತದ್ದನ್ನು ಶುದ್ಧವಾಗಿರುವುದರ ಜೊತೆ ಕೂಡಿಸಿದರೆ? ಈ ರೋಗದಿಂದ ಒಂದು ಮರಿಯೂ ಕುರುಡಾಗಲ್ಲ. ಅರ್ಧದಷ್ಟು ಹೊತ್ತುಕೊಂಡು ಹುಟ್ಟಬಹುದು, ಅಷ್ಟೆ. ಪಿಯುಸಿಯಲ್ಲಿ ಮೆಂಡಲ್‌ನ ಬಟಾಣಿ ಓದಿದ್ದೇವಲ್ಲ, ಅದೇ ಲೆಕ್ಕ, ಅದಕ್ಕಿಂತ ಕಷ್ಟದ್ದು ಇದರಲ್ಲಿ ಏನೂ ಇಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ನಾಯಿಯ ಕೆನ್ನೆಯೊಳಗೆ ಒಂದು ನಿಮಿಷ ಆಡಿಸಿ ಲ್ಯಾಬಿಗೆ ಕಳಿಸಿದರೆ ಉತ್ತರ ಬರುತ್ತೆ. ಬೆಲ್ಲಳಿಗೆ ಆಮೇಲೆ ಮಾಡಿಸಿದೆವು, ಅವಳ ಒಂದು ತಿಂಗಳ ಊಟದ ಖರ್ಚಿಗಿಂತ ಹೆಚ್ಚೇನೂ ಆಗಲಿಲ್ಲ. ಎರಡೂ ಪ್ರತಿ ಕೆಟ್ಟಿತ್ತು.

ರಿಪೋರ್ಟು ಬಂದ ದಿನ ಮೊದಲ ಸಲ ಪೇಪರ್ ತೆಗೆದು ಓದಿದೆ.

ಅದರಲ್ಲಿ ಏನಿತ್ತು? ಹೆಸರುಗಳು. ಅಪ್ಪ, ಅಮ್ಮ, ಅವರ ಅಪ್ಪ ಅಮ್ಮ, ಅವರದ್ದೂ ಅಪ್ಪ ಅಮ್ಮ. ಉದ್ದುದ್ದ ಇಂಗ್ಲಿಷ್ ಹೆಸರು, ಕೆಲವರ ಮುಂದೆ ಚಾಂಪಿಯನ್ ಅನ್ನೋ ಬಿರುದು. ನಾನು ಹೆಸರಿಗೆ ಬೆರಳಿಟ್ಟುಕೊಂಡು ಹೋದೆ. ಅಪ್ಪನ ಅಪ್ಪ ಯಾರು ಅಂತ ನೋಡಿದೆ. ಅಮ್ಮನ ಅಪ್ಪ ಯಾರು ಅಂತ ನೋಡಿದೆ. ಒಂದೇ ಹೆಸರು. ಅಕ್ಷರ ತಪ್ಪಿರಬಹುದು ಅಂತ ನೋಂದಣಿ ಸಂಖ್ಯೆ ನೋಡಿದೆ. ಅದೂ ಒಂದೇ. ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಟ್ರೀ ಅಂದರೆ ಕೊಂಬೆಗಳು ಮತ್ತೆ ಕೂಡಬಾರದು. ಇಲ್ಲಿ ಕೂಡಿತ್ತು. ಬೆಲ್ಲಳ ಅಪ್ಪ ಅಮ್ಮ ಒಂದೇ ತಂದೆಯ ಮಕ್ಕಳು.

ಮಾರಿದವನು ಇದನ್ನು ಬಚ್ಚಿಟ್ಟಿರಲಿಲ್ಲ ನೋಡಿ. ಬರೆದು, ಸೀಲು ಹಾಕಿಸಿ, ಅದಕ್ಕೆ ಬೇರೆ ದುಡ್ಡು ತಗೊಂಡು ಕೈಗೆ ಕೊಟ್ಟಿದ್ದ. ನಾನು ಫೈಲಿಗೆ ಹಾಕಿದ್ದೆ.

ಫೋನ್ ಮಾಡಿದೆ. 'ಕ್ಯಾರೆಟ್ ಕೊಡಿ ಸಾರ್' ಅಂದ. ಆಮೇಲೆ, 'ಲೈನ್ ಹಿಡಿಯೋದು ಅಂದ್ರೆ ಹಾಗೇ ಸಾರ್. ಅಜ್ಜ ಚಾಂಪಿಯನ್. ಆ ತಲೆ, ಆ ಬಾಲ ಮತ್ತೆ ಬರಬೇಕು ಅಂದ್ರೆ ಅದೇ ರಕ್ತ ಎರಡು ಕಡೆಯಿಂದ ಬರಬೇಕು' ಅಂದ. ಕೊನೆಗೆ, ಬೇಜಾರು ಮಾಡ್ಕೋಬೇಡಿ, ಅರ್ಧ ರೇಟಿಗೆ ಇನ್ನೊಂದು ಮರಿ ಕೊಡ್ತೀನಿ ಅಂದ. ಅದೇ ತಾಯಿಯ ಮರಿ.

ಅವನೊಬ್ಬನನ್ನೇ ಬೈದರೆ ಆಗಲ್ಲ. ಅವನು ಹೇಳಿದ ಮಾತು ಅವನದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1859ರಲ್ಲಿ ಮೊದಲ ನಾಯಿ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಅದಕ್ಕೂ ಮುಂಚೆ ನಾಯಿಯನ್ನು ಅದು ಮಾಡುವ ಕೆಲಸ ನೋಡಿ ಸಾಕುತ್ತಿದ್ದರು. ಕುರಿ ಕಾಯೋದು, ಬೇಟೆ ಹಿಡಿಯೋದು, ಬಾಗಿಲು ಕಾಯೋದು. ಆಮೇಲೆ ಬಂದದ್ದು ರಿಜಿಸ್ಟರು. ಈ ತಳಿಯ ಕಿವಿ ಇಷ್ಟು, ಮೂತಿ ಇಷ್ಟು ಅಂತ ಬರೆದರು. ಪುಸ್ತಕದಲ್ಲಿ ಹೆಸರಿರುವ ಅಪ್ಪ ಅಮ್ಮನಿಗೆ ಹುಟ್ಟಿದ್ದಕ್ಕೆ ಮಾತ್ರ ಪುಸ್ತಕದೊಳಗೆ ಜಾಗ, ಹೊರಗಿನದು ಬರುವ ಹಾಗಿಲ್ಲ ಅಂತ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದ ಮನೆಯಲ್ಲಿ ಒಬ್ಬ ಚಾಂಪಿಯನ್ ಗೆದ್ದ ಅನ್ನಿ, ಎಲ್ಲರಿಗೂ ಅವನ ಮರಿಯೇ ಬೇಕು. ಎರಡು ತಲೆಮಾರಿನಲ್ಲಿ ಎಲ್ಲರೂ ಅವನ ಮೊಮ್ಮಕ್ಕಳು. ಅವನೊಳಗೆ ಒಂದು ಅಕ್ಷರ ಕೆಟ್ಟಿದ್ದರೆ ಅದೂ ಚಾಂಪಿಯನ್ನೇ. 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬ್ರಿಟನ್ನಿನ ವಂಶಾವಳಿಗಳನ್ನು ಲೆಕ್ಕ ಹಾಕಿ ನೋಡಿದರು. ಅಲ್ಲಿನ 10,000 ಪಗ್ ನಾಯಿಗಳಲ್ಲಿರುವ ಆನುವಂಶಿಕ ವೈವಿಧ್ಯ ಬರೀ 50 ನಾಯಿಗಳಷ್ಟು. ಅದೇ ವರ್ಷ ಬಿಬಿಸಿಯಲ್ಲಿ ಈ ಕುರಿತ ಸಾಕ್ಷ್ಯಚಿತ್ರ ಬಂದು ದೊಡ್ಡ ಗಲಾಟೆಯಾಗಿ, ಕ್ರಫ್ಟ್ಸ್ ಅನ್ನುವ ಅವರ ಹೆಸರಾಂತ ನಾಯಿ ಪ್ರದರ್ಶನವನ್ನು 2009ರಿಂದ ಬಿಬಿಸಿ ಪ್ರಸಾರ ಮಾಡೋದನ್ನೇ ನಿಲ್ಲಿಸಿತು.

ಇದು ವಿಕ್ಟೋರಿಯಾ ರಾಣಿ ಕಾಲದ ಹುಚ್ಚು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಶುದ್ಧಿ ಅನ್ನೋ ಮಾತು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. 'ಜಾತಿ ನಾಯಿ' ಅಂತ ಅನುವಾದ ಮಾಡಿಕೊಂಡವರು ನಾವು, ಎಷ್ಟು ಸಲೀಸಾಗಿ ಮಾಡಿಕೊಂಡೆವು ನೋಡಿ.

ಆದರೆ ಇದೇ ನಮ್ಮ ಹಳ್ಳಿಗೆ ದನದ ವಿಷಯದಲ್ಲಿ ಬುದ್ಧಿ ಇತ್ತು. ನಮ್ಮ ಹಸು ಬೆದೆಗೆ ಬಂದರೆ ಪಕ್ಕದ ಮನೆಯಲ್ಲೇ ಒಳ್ಳೆ ಹಳ್ಳಿಕಾರ್ ಹೋರಿ ಇದ್ದರೂ ಅಪ್ಪ ಅದನ್ನು ಬಿಟ್ಟು ಮೂರು ಮೈಲಿ ಹೊಡೆದುಕೊಂಡು ಹೋಗುತ್ತಿದ್ದರು. ಯಾಕೆ ಅಂದರೆ ಆ ಹೋರಿ ಇದೇ ಹಸುವಿನ ಕರು. 'ಎತ್ತಿ ಆಡಿಸಿದ ಮಗನ್ನೇ ಕಟ್ಕೋಬೇಕಾ ಅದು' ಅಂತ ನಗುತ್ತಿದ್ದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ರಾಗಿ ಬೀಜವನ್ನೂ ಅಷ್ಟೇ, ನಾಲ್ಕಾರು ವರ್ಷಕ್ಕೊಮ್ಮೆ ಬೇರೆ ಊರಿನವರ ಹತ್ತಿರ ಬದಲಾಯಿಸಿಕೊಂಡು ಬರುತ್ತಿದ್ದರು.

ದನಕ್ಕೆ ಇದ್ದ ಬುದ್ಧಿ ಮನೆಯವರಿಗೆ ಇರಲಿಲ್ಲ. ಈಗ ಆ ವಿಷಯಕ್ಕೆ ಬಂದೆ.

ನಮ್ಮ ದೊಡ್ಡಮ್ಮನನ್ನು ಅವರ ಸೋದರಮಾವನಿಗೇ ಕೊಟ್ಟಿದ್ದರು. ಅಂದರೆ ನನ್ನ ಅಜ್ಜಿಯ ತಮ್ಮನೇ ನನಗೆ ದೊಡ್ಡಪ್ಪ. ಹಳೇ ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಡಗು ಬೇರೆಯಾಯ್ತಾ, ಸರಿ. ಹೊಲ ಮನೇಲೇ ಉಳೀತಾ, ಇನ್ನೂ ಸರಿ. ಅವರ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡಣ್ಣನಿಗೆ ಏನೂ ಆಗಲಿಲ್ಲ, ಇವತ್ತೂ ಕನ್ನಡಕವಿಲ್ಲದೆ ಪೇಪರ್ ಓದುತ್ತಾನೆ. ಚಿಕ್ಕಣ್ಣನಿಗೆ ಚಿಕ್ಕಂದಿನಿಂದಲೇ ಇರುಳುಗಣ್ಣು. ಸಂಜೆ ಕಬಡ್ಡಿ ಆಡುವಾಗ ಹೊತ್ತು ಮುಳುಗುತ್ತಲೇ ಏನೋ ನೆಪ ಹೇಳಿ ಹೊರಡುತ್ತಿದ್ದ. ಹೆದರುಪುಕ್ಕಲ ಅಂತ ಹೆಸರಿಟ್ಟಿದ್ದೆವು. ಸೊಪ್ಪು ತಿನ್ನಿಸಿದರು, ಕ್ಯಾರೆಟ್ ತಿನ್ನಿಸಿದರು, ನಾಗರಪ್ರತಿಷ್ಠೆ ಮಾಡಿಸಿದರು. ಇಪ್ಪತ್ತೈದಕ್ಕೆ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತು. ಬೆಂಗಳೂರಿಗೆ ಕರೆದುಕೊಂಡು ಬಂದು ತೋರಿಸಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆ ಆದವರಾ?'

ಬೆಲ್ಲಳ ಪೇಪರ್ ಓದಿದ ರಾತ್ರಿ ನಾನು ಲೆಕ್ಕ ಹಾಕಿದೆ. ಇದಕ್ಕೊಂದು ಸೂತ್ರ ಇದೆ, ಒಂದು ಜೀವಿಯಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನ ಅದೇ ಪ್ರತಿ ಆಗಿರುವ ಸಾಧ್ಯತೆ ಎಷ್ಟು ಅಂತ. ಒಂದೇ ತಂದೆಯ, ಬೇರೆ ಬೇರೆ ತಾಯಿಯ ಮಕ್ಕಳನ್ನು ಕೂಡಿಸಿದರೆ ಎಂಟರಲ್ಲಿ ಒಂದು ಪಾಲು. ಸೋದರಮಾವ ಮತ್ತು ಅಕ್ಕನ ಮಗಳ ಮಕ್ಕಳಿಗೆ? ಅದೂ ಎಂಟರಲ್ಲಿ ಒಂದು ಪಾಲು. ನನ್ನ ನಾಯಿಯದ್ದೂ ನನ್ನ ಅಣ್ಣನದ್ದೂ ಒಂದೇ ಸಂಖ್ಯೆ. ನಾನು ಎರಡು ಸಲ ತಿದ್ದಿ ನೋಡಿದೆ.

ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ಕುರುಡಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ದೊಡ್ಡಣ್ಣನನ್ನೇ ನೋಡಿ. ಹೊತ್ತ ಕೆಟ್ಟ ಪ್ರತಿಗೆ ತನ್ನಂಥದ್ದೇ ಇನ್ನೊಂದು ಸಿಗುವ ದಾರಿಯನ್ನು ನಾವೇ ಅಗಲ ಮಾಡಿಕೊಡ್ತೀವಿ ಅಂತ ಹೇಳ್ತಿದ್ದೀನಿ. ಈ ಹೋಲಿಕೆ ಕೆಲವರಿಗೆ ಕೋಪ ತರಿಸುತ್ತೆ ಅಂತ ಗೊತ್ತು. ಆದರೆ ಇದು ಬರೀ ಹೋಲಿಕೆ ಅಲ್ಲ ಸ್ವಾಮಿ. 2006ರಲ್ಲಿ ನಾಯಿಯಲ್ಲಿ ಆ ಒಂದು ಅಕ್ಷರದ ತಪ್ಪು ಹುಡುಕಿದವರಿಗೆ ಅದೇ ಜೀನಿನಲ್ಲಿ, ಅದೇ ಜಾಗದಲ್ಲಿ, ಅದೇ ತಪ್ಪು ಒಬ್ಬ ಮನುಷ್ಯರಲ್ಲೂ ಸಿಕ್ಕಿತು. ಬಾಂಗ್ಲಾದೇಶದ ಒಬ್ಬ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗಿ. ಅಲ್ಲೂ ಎರಡೂ ಪ್ರತಿ ಕೆಟ್ಟಿತ್ತು.

ನಾಯಿಗಳು ಈ ವಿಷಯದಲ್ಲಿ ನಮಗೆ ಮಾಡಿರುವ ಉಪಕಾರವೂ ಸಣ್ಣದಲ್ಲ. ಆರ್‌ಪಿಇ65 ಅನ್ನುವ ಇನ್ನೊಂದು ಜೀನು ಕೆಟ್ಟು ಹುಟ್ಟಿನಿಂದ ಕಣ್ಣು ಕಾಣದ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ಅಮೆರಿಕದಲ್ಲಿ ಸರಿಯಾದ ಜೀನನ್ನು ಕಣ್ಣೊಳಗೆ ಕೊಟ್ಟು ನೋಡಿದರು. 2001ರಲ್ಲಿ ಆ ಸುದ್ದಿ ಪ್ರಕಟವಾಯಿತು. ಲಾನ್ಸೆಲಾಟ್ ಅಂತ ಒಂದು ನಾಯಿಗೆ ಕಣ್ಣು ಬಂದು ಅದು ಅಮೆರಿಕದ ಸಂಸತ್ತಿಗೂ ಹೋಗಿಬಂತು. ಅದೇ ದಾರಿಯಲ್ಲಿ 2017ರಲ್ಲಿ ಮನುಷ್ಯರಿಗೆ ಲಕ್ಸ್‌ಟರ್ನಾ ಅನ್ನೋ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಎರಡು ಕಣ್ಣಿಗೆ 8,50,000 ಡಾಲರ್. ಅದು ಆ ಒಂದು ಜೀನಿಗೆ ಮಾತ್ರ. ನಮ್ಮ ಚಿಕ್ಕಣ್ಣನಿಗೂ ಬೆಲ್ಲಳಿಗೂ ಅಲ್ಲ.

ಪಗ್ ನಾಯಿಯದ್ದು ಇನ್ನೂ ದೊಡ್ಡ ಅನ್ಯಾಯ. 2003ರಲ್ಲಿ ಹಚ್ ಜಾಹೀರಾತು ಬಂತಲ್ಲ, ಹುಡುಗನ ಹಿಂದೆ ಹಿಂದೆ ಓಡೋ ನಾಯಿ, ಅಲ್ಲಿಂದ ನಮ್ಮ ಊರುಗಳಲ್ಲಿ ಅದರ ಹೆಸರೇ ಹಚ್ ನಾಯಿ ಆಯ್ತು. ಅದಕ್ಕೆ ಟೆಸ್ಟು ಮಾಡಿಸೋದೂ ಬೇಡ, ಮುಖವೇ ರಿಪೋರ್ಟು. ಮೂತಿ ಒಳಗೆ ತಳ್ಳಿದ ಹಾಗೆ ಮಾಡಿ ಮಾಡಿ ಕಣ್ಣಿನ ಗೂಡು ಆಳವೇ ಇಲ್ಲದಂತಾಗಿದೆ. ಗುಡ್ಡೆ ಹೊರಗೆ, ರೆಪ್ಪೆ ಪೂರ್ತಿ ಮುಚ್ಚಲ್ಲ, ಮೂಗಿನ ಮಡಿಕೆಯ ಕೂದಲು ಕಾರ್ನಿಯಾಕ್ಕೆ ಉಜ್ಜುತ್ತಿರುತ್ತೆ. ನಮ್ಮ ನಾಲ್ಕನೇ ಮಹಡಿಯ ಪಗ್‌ನ ಎರಡೂ ಕಣ್ಣಿನ ಮೇಲೆ ಕಂದು ಪೊರೆ ಹಬ್ಬಿದೆ. ಅದರ ಯಜಮಾನಿ, ಒಳ್ಳೆಯ ಹೆಂಗಸು, ದಿನಕ್ಕೆ ಮೂರು ಸಲ ಡ್ರಾಪ್ಸ್ ಹಾಕುತ್ತಾರೆ. ಚಪ್ಪಟೆ ಮೂತಿಯ ನಾಯಿಗೆ ಕಾರ್ನಿಯಾದ ಹುಣ್ಣಾಗುವ ಸಾಧ್ಯತೆ ಬೇರೆ ನಾಯಿಗಿಂತ ಇಪ್ಪತ್ತು ಪಟ್ಟು ಅಂತ ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2015ರಲ್ಲಿ ಬರೆದರು. ನೆದರ್ಲೆಂಡ್ಸ್‌ನವರು 2019ರಲ್ಲಿ ಅಳತೆಯನ್ನೇ ಕಾನೂನು ಮಾಡಿದರು. ಮೂತಿ ತಲೆಬುರುಡೆಯ ಮೂರನೇ ಒಂದು ಭಾಗದಷ್ಟಾದರೂ ಇರದ ನಾಯಿಗೆ ಮರಿ ಮಾಡಿಸುವ ಹಾಗಿಲ್ಲ. ನಾವು ಅದರ ದೊಡ್ಡ ಕಣ್ಣು ನೋಡಿ 'ಅಯ್ಯೋ ಪಾಪ, ಎಷ್ಟು ಮುದ್ದು' ಅಂತೀವಿ. ಪಾಪ ಅನ್ನೋದಾದರೂ ಸರಿಯಾಗಿದೆ.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಮತ್ತು ಮಾರಾಟದ ನಿಯಮ ಮಾಡಿದೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು, ಹದಿನೆಂಟು ತಿಂಗಳಾಗದ ಹೆಣ್ಣಿಗೆ ಮರಿ ಮಾಡಿಸಬಾರದು. ನಮ್ಮ ಗುಂಪಿನಲ್ಲಿ ಬುಟ್ಟಿ ಫೋಟೋ ಹಾಕಿದವರಿಗೆ ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಅಡ್ಮಿನ್ ನನಗೇ ಎಚ್ಚರಿಕೆ ಕೊಟ್ಟರು, 'ನೆಗೆಟಿವಿಟಿ ಬೇಡ' ಅಂತ.

2022ರಲ್ಲಿ '777 ಚಾರ್ಲಿ' ನೋಡಿದೆವು, ಬೆಲ್ಲಳನ್ನು ಮನೆಯಲ್ಲಿ ಬಿಟ್ಟು. ರಕ್ತಸಂಬಂಧದಲ್ಲಿ ಮರಿ ಮಾಡಿಸಿದರೆ ನಾಯಿ ಏನು ಅನುಭವಿಸುತ್ತೆ ಅಂತ ಅಷ್ಟು ದೊಡ್ಡ ಪರದೆಯ ಮೇಲೆ ಕನ್ನಡದಲ್ಲಿ ತೋರಿಸಿದರು. ಇಡೀ ಥಿಯೇಟರು ಮೂಗು ಒರೆಸಿಕೊಳ್ಳುತ್ತಿತ್ತು. ಹೊರಗೆ ಬರುವಾಗ ನನ್ನ ಮುಂದಿದ್ದ ಅಪ್ಪ ಮಗುವಿಗೆ ಹೇಳುತ್ತಿದ್ದ, 'ಬರ್ತ್‌ಡೇಗೆ ನಮಗೂ ಇಂಥದ್ದೇ ಒಂದು ತರೋಣ.' ಈಗ ದೇಸಿ ಹುಮ್ಮಸ್ಸಿನಲ್ಲಿ ಮುಧೋಳದ ಸರದಿ. 2020ರಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಹೆಸರು ಹೇಳಿದ ಮೇಲೆ ಎಲ್ಲರಿಗೂ ಮುಧೋಳ ಬೇಕು. ಹೊಲದಲ್ಲಿ ಮೊಲ ಹಿಡಿಯುವ ನಾಯಿಯನ್ನು ಒಂದೇ ಗೆದ್ದ ಗಂಡಿನಿಂದ ಮತ್ತೆ ಮತ್ತೆ ಮರಿ ಮಾಡಿಸಿ ಪೇಪರಿಗೆ ಇಳಿಸಿಬಿಟ್ಟರೆ ಅದರ ಗತಿಯೂ ಇದೇ.

ಟೆಸ್ಟ್ ಮಾಡಿಸಿ ಕೆಟ್ಟ ಪ್ರತಿ ಹೊತ್ತ ನಾಯಿಯನ್ನೆಲ್ಲ ತೆಗೆದುಹಾಕಿದರೆ ತಳಿಯೇ ಉಳಿಯಲ್ಲ ಅನ್ನೋ ವಾದ ಇದೆ. ಅರ್ಧ ನಿಜ. ಎಲ್ಲವನ್ನೂ ತೆಗೆದರೆ ಇರುವ ಕೆರೆ ಇನ್ನೂ ಸಣ್ಣದಾಗಿ ಬೇರೆ ರೋಗ ಮೇಲೇಳುತ್ತೆ. ಅದಕ್ಕೇ ತೆಗೆಯೋದು ಬೇಡ, ಹೊತ್ತದ್ದನ್ನು ಹೊರದಿರುವುದಕ್ಕೆ ಕೂಡಿಸಿ ಅಂತ ತಾನೇ ಹೇಳ್ತಿರೋದು. ಡಿಎನ್‌ಎ ಟೆಸ್ಟೇ ಇಲ್ಲದ 1940ರ ದಶಕದಲ್ಲಿ ಬ್ರಿಟನ್ನಿನ ಐರಿಶ್ ಸೆಟರ್ ಸಾಕುವವರು ಅನುಮಾನವಿದ್ದ ನಾಯಿಯನ್ನು ಕುರುಡಾದ ನಾಯಿಯೊಂದಿಗೆ ಕೂಡಿಸಿ, ಮರಿಗಳ ಕಣ್ಣು ನೋಡಿ, ಯಾವುದು ಹೊತ್ತಿದೆ ಅಂತ ಕಂಡುಹಿಡಿಯುತ್ತಿದ್ದರು. ಹಾಗೆ ಮಾಡಿಯೇ ಆ ತಳಿಯಲ್ಲಿ ಆ ರೋಗವನ್ನು ಬಹುಪಾಲು ಅಳಿಸಿದರು. ನಮಗೆ ಹತ್ತಿಕಡ್ಡಿ ಕಷ್ಟ. ಹಾಗಂತ ಲ್ಯಾಬ್ರಡಾರ್ ಮತ್ತು ಪೂಡಲ್ ಬೆರೆಸಿದ ಮರಿಯೇ ವಾಸಿ ಅಂತ ಹೊಸದಾಗಿ ಮಾರುವವರನ್ನೂ ನಂಬಬೇಡಿ. ಈ ಅಕ್ಷರದ ತಪ್ಪು ಎರಡು ತಳಿಯಲ್ಲೂ ಇದೆ, ಎರಡು ಕಡೆಯಿಂದಲೂ ಬರಬಹುದು.

ಕುರುಡು ನಾಯಿ ಸುಖವಾಗೇ ಇರುತ್ತೆ, ಮೂಗಿದೆಯಲ್ಲ ಅಂತಾರೆ. ಅದೂ ನಿಜವೇ. ಬೆಲ್ಲಳಿಗೆ ಈಗ ಎಂಟು ವರ್ಷ, ಪೂರ್ತಿ ಕಾಣಲ್ಲ, ಬಾಲ ಮೊದಲಿನ ಹಾಗೇ ಆಡುತ್ತೆ. ಅವಳಿಗೆ ರೋಗ ಗೊತ್ತಾದಾಗ ಚಿಕ್ಕಣ್ಣನಿಗೆ ಫೋನ್ ಮಾಡಿದ್ದೆ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, 'ಮೆಟ್ಟಿಲ ಹತ್ರ ಜಗ್ಗಬೇಡ ಕಣೋ. ಸಾಮಾನು ಎಲ್ಲಿದೆಯೋ ಅಲ್ಲೇ ಇರಲಿ, ಸೋಫಾ ಒಂದು ಅಡಿ ಸರಿಸಿದ್ರೂ ಅದಕ್ಕೆ ಬೇರೆ ಮನೆ ಆಗ್ಬಿಡುತ್ತೆ. ಮುಟ್ಟೋಕೆ ಮುಂಚೆ ಕೂಗು' ಅಂದ. ಇಷ್ಟು ವರ್ಷದಲ್ಲಿ ಅವನಿಗೆ ಏನು ಬೇಕಿತ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದನ್ನು ಹೇಳದೇ ಹೋದರೆ ನಾನೂ ಆ ತೋಟದ ಮನೆಯವನೂ ಒಂದೇ. 2019ರಲ್ಲಿ, ರೋಗದ ಸುಳಿವೂ ಇಲ್ಲದಾಗ, ಬೆಲ್ಲಳಿಗೆ ಕ್ರಾಸಿಂಗ್ ಮಾಡಿಸಿದೆ. 'ಹೆಣ್ಣುನಾಯಿಗೆ ಒಂದು ಸಲವಾದರೂ ಮರಿ ಆಗಬೇಕು' ಅಂತ ಎಲ್ಲರೂ ಅಂದರು, ಗಂಡುನಾಯಿಗೂ ಪೇಪರ್ ಇತ್ತು. ಆರು ಮರಿ. ಪದ್ಧತಿಯಂತೆ ಒಂದನ್ನು ಗಂಡುನಾಯಿಯವರು ಆರಿಸಿಕೊಂಡು ಹೋದರು. ಒಂದು ಭಾಮೈದನಿಗೆ. ನಾಲ್ಕನ್ನು ಮಾರಿದೆ, ದುಡ್ಡು ತಗೊಂಡೆ. ಬೆಲ್ಲಳ ಎರಡೂ ಪ್ರತಿ ಕೆಟ್ಟಿದ್ದರಿಂದ ಆರಕ್ಕೆ ಆರೂ ಒಂದೊಂದು ಹೊತ್ತೇ ಹುಟ್ಟಿದ್ದವು, ಅದರಲ್ಲಿ ಅನುಮಾನವೇ ಇಲ್ಲ. ಗಂಡೂ ಹೊತ್ತಿದ್ದರೆ ಅರ್ಧಕ್ಕೆ ಕುರುಡು.

2021ರಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಭಾಮೈದ ಕೇಳಿಸಿಕೊಂಡ, ಟೆಸ್ಟು ಮಾಡಿಸಿದ, ಅವನದ್ದು ಹೊತ್ತಿದೆ ಅಷ್ಟೆ. ಇಬ್ಬರು, ನಮ್ಮದು ಚೆನ್ನಾಗೇ ಇದೆ ಸಾರ್ ಅಂತ ಇಟ್ಟರು. ಒಬ್ಬರು ಪಶ್ಚಾತ್ತಾಪಕ್ಕೆ ದುಡ್ಡು ವಾಪಸ್ ಕೊಡ್ತೀರಾ ಅಂತ ಕೇಳಿದರು, ಕೊಟ್ಟೆ. ಮೈಸೂರಿನವರೊಬ್ಬರು ಬಹಳ ಬೈದರು. ಅವರೇ ಹೋದ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. 'ಕರೆಂಟ್ ಹೋಗಿತ್ತು. ನಮ್ಮದು ಹಾಲಿನ ಮಧ್ಯೆ ನಿಂತ್ಕೊಂಡು ಅಲ್ಲಾಡ್ತಾನೇ ಇಲ್ಲ. ಏನು ಮಾಡಬೇಕು?' ಚಿಕ್ಕಣ್ಣ ಹೇಳಿದ್ದನ್ನೇ ಹೇಳಿದೆ. ಟೆಸ್ಟಿನಲ್ಲಿ ಎರಡೂ ಪ್ರತಿ ಕೆಟ್ಟಿದೆ ಅಂತ ಬಂತು. ಅಂದರೆ ಗಂಡುನಾಯಿಯೂ ಹೊತ್ತಿತ್ತು. ಆ ಗಂಡಿನಿಂದ ಬೇರೆ ಎಷ್ಟು ಮನೆಯ ಹೆಣ್ಣುಗಳಿಗೆ ಮರಿಯಾಗಿದೆಯೋ.

ಅದರ ಮಾಲೀಕರು ನಮ್ಮಿಂದ ಆರಿಸಿಕೊಂಡು ಹೋದ ಮರಿ ಹೆಣ್ಣು. ಅವರ ನಂಬರಿಗೆ ಈಗಲೂ ವಾರಕ್ಕೊಮ್ಮೆ ಮಾಡ್ತೀನಿ. ಚಾಲ್ತಿಯಲ್ಲಿಲ್ಲ ಅನ್ನುತ್ತೆ.